ನೂರು ಗೆರೆ

ಅಂದಿನ ಆಪತ್ತಿಗೆಲ್ಲ ಮೂಲ ಲ್ಯಾಬ್ ಅಂಕಲ್‌ನ ನಾಲಿಗೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಒರೆಸಿಡುವ ಆ ಮನುಷ್ಯನನ್ನು ಮಕ್ಕಳೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಅದೇ ಶಾಲೆಯ ಹತ್ತನೆಯ ತರಗತಿಯಲ್ಲಿದ್ದ ಮಗಳಿಗೆ ಸಿಗರೇಟು ಬಿಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅಂದಿನಿಂದ ಅವಳು ದಿನವೂ ಸಂಜೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಗೆರೆ ಎಳೆಯುತ್ತ ಬಂದಿದ್ದಳು. ನಿನ್ನೆಗೆ ನೂರು ತುಂಬಿದವೆಂದು ಅವನು ಬೆಳಿಗ್ಗೆ ಗುಮಾಸ್ತರೆದುರು ಜಂಬ ಕೊಚ್ಚಿದ. ನಡುವೆ ಒಂದೇ ಒಂದು ತಾರೀಖಿನ ಮನೆ ಖಾಲಿಯಿತ್ತು. ಅವನು ಜ್ವರದಲ್ಲಿ ಹಾಸಿಗೆ ಬಿಟ್ಟೇಳದ ದಿನ ಅದು. ಹುಡುಗಿ ಗಾಬರಿಯಲ್ಲಿ ಮರೆತಿರಬೇಕು ಎಂದು ಅದನ್ನೂ ಹೇಳಿದ.

ಆ ಜಂಬದಲ್ಲಿ ಒಂದು ಸಣ್ಣ ಕೊರತೆಯಿತ್ತು. ಅವನು ಸಿಗರೇಟು ಬಿಟ್ಟಿರಲಿಲ್ಲ.

ಹೆಚ್ಚಿಲ್ಲ, ದಿನಕ್ಕೊಂದು. ಅದನ್ನು ಗಾಜಿನ ಪ್ರನಾಳದೊಳಗಿಟ್ಟು, ಬಿರಡೆ ಬಿಗಿದು, ಮೇಲೆ 'ವಿಷ, ಮುಟ್ಟಬಾರದು' ಎಂದು ಚೀಟಿ ಅಂಟಿಸಿ, ಉಳಿದ ಪ್ರನಾಳಗಳ ಸಾಲಿನಲ್ಲಿ ನಿಲ್ಲಿಸಿದರೆ ಮುಟ್ಟುವ ಧೈರ್ಯ ಯಾರಿಗಿದೆ? ಮಧ್ಯಾಹ್ನ ನೀರಿನ ತೊಟ್ಟಿಯ ಹಿಂದೆ ಸೇದಿ, ಎರಡು ಲವಂಗ ಬಾಯಿಗೆಸೆದುಕೊಂಡು, ಸಂಜೆ ಸಾಧುವಿನಂತೆ ಮನೆ ಸೇರುತ್ತಿದ್ದ. ರಜೆಯ ದಿನವೂ ಪ್ರಯೋಗಾಲಯದ ಮೀನಿಗೆ ಕಾಳು ಹಾಕುವ ನೆಪದಲ್ಲಿ ಬಂದು ಹೋಗುತ್ತಿದ್ದ.

ಅಂದು ಶಾಲೆಯಲ್ಲಿ ಯುವ ನಾಯಕತ್ವ ದಿನ. ಎಂಟು ಶಾಲೆಗಳ ಮಕ್ಕಳು ನೆರೆದಿದ್ದರು. ಕೆಟ್ಟ ಚಟಗಳಿಗೆ ಬೀಳದೆ ಆರೋಗ್ಯದ ದಾರಿ ಹಿಡಿಯುವುದು ಹೇಗೆಂದು ಮಕ್ಕಳೇ ಮಕ್ಕಳಿಗೆ ತೋರಿಸಿಕೊಡುವ ಸಭೆ. ಅದರ ಮುಂದಾಳು ಲ್ಯಾಬ್ ಅಂಕಲ್‌ನ ಮಗಳೇ.

ಗುಮಾಸ್ತರಿಗೆ ಹೇಳಿದ್ದು ಅರ್ಧ ಗಂಟೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಕಿವಿ ಮುಟ್ಟಿತು. ಅವರು ಸ್ವತಃ ಪ್ರಯೋಗಾಲಯಕ್ಕೆ ಬಂದರು. "ಏನ್ರೀ, ನೂರು ದಿನ ಗೆದ್ದೋರನ್ನ ಮನೇಲಿಟ್ಕೊಂಡು ನಾವು ಊರೆಲ್ಲಾ ಹುಡುಕ್ತಿದ್ವಿ. ಇವತ್ತು ವೇದಿಕೆ ಮೇಲೆ ನಿಮಗೆ ಸನ್ಮಾನ."

ಮಗಳನ್ನೂ ಕೇಳಿ ಖಚಿತಪಡಿಸಿಕೊಂಡಿದ್ದರಂತೆ. ಅವಳು ನೆಲ ನೋಡುತ್ತ, "ಗೆರೆ ನೂರು ಇವೆ ಮೇಡಂ" ಎಂದಳಂತೆ, ಅಷ್ಟೇ.

ಲ್ಯಾಬ್ ಅಂಕಲ್ ಹೆದರಿದ. ಕೆಲಸ ಹೋದೀತೆಂಬ ಭಯವಲ್ಲ. ಅಷ್ಟು ಮಕ್ಕಳೆದುರು ಅಪ್ಪ ಸುಳ್ಳನೆಂದು ಬಯಲಾದರೆ ಮಗಳ ಮುಖ ಏನಾದೀತು?

ಅಷ್ಟರಲ್ಲಿ ಮತ್ತೊಂದು ಗಂಡಾಂತರ. ಪ್ಲಾಸ್ಟಿಕ್ ಬಾಟಲಿಗೆ ಸಿಗರೇಟು ಸೇದಿಸಿ, ಒಳಗಿನ ಬಿಳಿ ಹತ್ತಿ ಕಂದಾಗುವುದನ್ನು ಮಗಳು ಸಭೆಗೆ ತೋರಿಸಬೇಕಿತ್ತು. ಸಿಗರೇಟು ತರಬೇಕಿದ್ದ ಗುಮಾಸ್ತರು, ಅಂಗಡಿಯಲ್ಲಿ ಯಾರಾದರೂ ನೋಡಿಬಿಟ್ಟಾರೆಂದು ಹೆದರಿ ಬರಿಗೈಯಲ್ಲಿ ವಾಪಸಾಗಿದ್ದರು. ಮುಖ್ಯೋಪಾಧ್ಯಾಯಿನಿ ಶಿಕ್ಷಕರ ಕೊಠಡಿಯಲ್ಲಿ ಕೇಳಿದರೆ, ಎಲ್ಲರೂ ಆ ವಸ್ತುವಿನ ಹೆಸರನ್ನೇ ಮೊದಲ ಸಲ ಕೇಳಿದವರಂತೆ ಮುಖಮುಖ ನೋಡಿಕೊಂಡರು.

"ನಿಮಗೆ ಹಳೇ ಪರಿಚಯ ಅಲ್ವಾ, ಎಲ್ಲಿ ಸಿಗುತ್ತೆ ನೋಡಿ" ಎಂದು ಗುಮಾಸ್ತರು ಲ್ಯಾಬ್ ಅಂಕಲ್‌ನ ಬೆನ್ನು ತಟ್ಟಿದರು.

ಇಡೀ ಶಾಲೆಯಲ್ಲಿದ್ದ ಏಕೈಕ ಸಿಗರೇಟು ಎಲ್ಲಿದೆಯೆಂದು ಅವನೊಬ್ಬನಿಗೇ ಗೊತ್ತಿತ್ತು. ಕೊಟ್ಟರೆ ತಾನು ಕೆಟ್ಟ, ಕೊಡದಿದ್ದರೆ ಮಗಳ ಪ್ರಯೋಗ ಕೆಟ್ಟಿತು. ತೊಟ್ಟಿಯ ಬಳಿ ಬಿದ್ದಿತ್ತೆಂದು ಹೇಳಿ ಕೊಟ್ಟುಬಿಡೋಣವೆಂದು ಪ್ರಯೋಗಾಲಯಕ್ಕೆ ಓಡಿದ. ಪ್ರನಾಳಗಳ ಸಾಲೇ ಇರಲಿಲ್ಲ. ಪ್ರದರ್ಶನಕ್ಕೆಂದು ಮಕ್ಕಳು ಚೌಕಟ್ಟಿನ ಸಮೇತ ಹೊತ್ತೊಯ್ದಿದ್ದರು.

ಅವನು ಸಭಾಂಗಣದ ಬಾಗಿಲು ಮುಟ್ಟುವಷ್ಟರಲ್ಲಿ ಇಬ್ಬರು ಹುಡುಗಿಯರು ಕೈಹಿಡಿದು ವೇದಿಕೆಗೆ ಕರೆದೊಯ್ದು ಸನ್ಮಾನದ ಕುರ್ಚಿಯಲ್ಲಿ ಕೂರಿಸಿದರು. ಎರಡು ಮಾರು ದೂರದ ಮೇಜಿನ ಮೇಲೆ, ಬಣ್ಣಬಣ್ಣದ ನೀರಿನ ಪ್ರನಾಳಗಳ ನಡುವೆ, ಅವನದೇ ಕೈಬರಹ ಹೊತ್ತ ಪ್ರನಾಳ ನೆಟ್ಟಗೆ ನಿಂತಿತ್ತು. ಸಾವಿರ ಜನರೆದುರು ಪದ್ಯ ಎತ್ತಿಕೊಂಡು ಎರಡನೆಯ ಸಾಲು ಮರೆತ ವಾಚಕನಂತೆ ಅವನು ಬಾಯಿ ತೆರೆದೇ ಕೂತ.

ಮಗಳು ಬಂದಳು. ಯಾವುದನ್ನೂ ಹುಡುಕಲಿಲ್ಲ. ಕೈ ನೇರ ಆ ಪ್ರನಾಳಕ್ಕೇ ಹೋಯಿತು.

"ಇದರ ಮೇಲೆ 'ವಿಷ, ಮುಟ್ಟಬಾರದು' ಅಂತ ಬರೆದಿದೆ. ಬರೆದವರು ನಿಜಾನೇ ಬರೆದಿದಾರೆ" ಎಂದು ಬಿರಡೆ ಕಿತ್ತು ಸಿಗರೇಟನ್ನು ಹೊರಗೆಳೆದಳು.

ಲ್ಯಾಬ್ ಅಂಕಲ್ ಕಣ್ಣು ಮುಚ್ಚಿಕೊಂಡ. ಇನ್ನು ಕಲ್ಲು ಬೀಳಬೇಕು, ಬೈಗುಳ ಬೀಳಬೇಕು. ಬಿದ್ದದ್ದು ಚಪ್ಪಾಳೆ. ಬಾಟಲಿ ಹೊಗೆ ಎಳೆದುಕೊಂಡಿತು, ಹತ್ತಿ ಕಂದಾಯಿತು, ಮಕ್ಕಳು ಮೂಗು ಮುಚ್ಚಿಕೊಂಡರು. ಪ್ರಯೋಗಕ್ಕೆಂದು ಸಿಗರೇಟು ಹೊಂದಿಸಿ, ಮಕ್ಕಳ ಕೈಗೆ ಸಿಗದಂತೆ ಚೀಟಿ ಅಂಟಿಸಿ ಕಾದ ಈತನ ಮುಂದಾಲೋಚನೆಯನ್ನು ಮುಖ್ಯೋಪಾಧ್ಯಾಯಿನಿ ಬಾಯಿತುಂಬ ಹೊಗಳಿದರು. ಉಳಿದ ಏಳು ಶಾಲೆಗಳಿಗೂ ಈತನೇ ಹೋಗಿ ನೂರು ದಿನದ ಕತೆ ಹೇಳಬೇಕೆಂದು ಅಲ್ಲೇ ತೀರ್ಮಾನವಾಯಿತು. ನಾಳೆಯಿಂದಲೇ.

ಸಂಜೆ ಅಡುಗೆಮನೆಯಲ್ಲಿ ಮಗಳು ಕೆಂಪು ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಳು. ಅವನಿಗೆ ತಡೆಯಲಾಗಲಿಲ್ಲ.

"ಹಾಕಬೇಡ ಮಗಾ. ಆ ಗೆರೆಗೆಲ್ಲ ನಾನು ಯೋಗ್ಯನಲ್ಲ."

"ಯೋಗ್ಯನೇ ಅಪ್ಪ, ಒಂದೊಂದಕ್ಕೂ" ಎಂದಳು ಅವಳು ತಣ್ಣಗೆ. "ಬಿಟ್ಟ ದಿನಕ್ಕೆ ಗೆರೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ನೀನು ಲವಂಗ ಜಗೀತಾ ಮನೆಗೆ ಬಂದ ದಿನಕ್ಕೆಲ್ಲ ಒಂದೊಂದು ಎಳೀತಿದ್ದೆ. ಜ್ವರ ಬಂದ ದಿನ ನೀನು ಜಗೀಲಿಲ್ಲ."

ಅವನು ಆ ಖಾಲಿ ಮನೆಯನ್ನು ನೋಡಿದ. ನೂರು ಕೆಂಪು ಗೆರೆಗಳ ನಡುವೆ ಅದೊಂದೇ ಬೆಳ್ಳಗಿತ್ತು.

"ಇವತ್ತು ಸೇದಿದ್ದು ಬಾಟಲಿ. ಅದಕ್ಕೇ ಖಾಲಿ ಬಿಡ್ತಿದೀನಿ" ಎಂದು ಅವಳು ಪೆನ್ಸಿಲ್ ಕೆಳಗಿಟ್ಟಳು. "ನಾಳೆ ಆ ಶಾಲೇಲಿ ಏನು ಹೇಳ್ತೀಯ?"

ಅವನ ಕೈ ತನ್ನ ಪಾಡಿಗೆ ತಾನು ಜೇಬಿಗಿಳಿದು, ನೂರು ದಿನದ ರೂಢಿಯಂತೆ ಏನನ್ನೋ ಬಾಯಿಗೆಸೆಯಿತು. ಹಲ್ಲಿನ ನಡುವೆ ಕಟಕ್ಕೆಂದಿತು. ಅಡುಗೆಮನೆಯಲ್ಲಿ ಘಮ್ಮೆಂದು ಲವಂಗದ ವಾಸನೆ ಹರಡಿತು.

ಮಗಳು ಅಪ್ಪನ ಮುಖವನ್ನೇ ನೋಡಿದಳು. ಮತ್ತೆ ಪೆನ್ಸಿಲ್ ಎತ್ತಿಕೊಂಡಳು.

"ಇಲ್ಲ ಕಣೇ, ಇವತ್ತು ಬರೀ ಲವಂಗ" ಎಂದ ಅವನು.

ಅಷ್ಟು ದಿನಗಳಲ್ಲಿ ಲವಂಗ ಜಗಿಯುತ್ತ ಅವನಾಡಿದ ಮೊದಲ ನಿಜ ಅದು. ಅವಳು ನೂರೊಂದನೆಯ ಗೆರೆ ಎಳೆದಳು.