ನನ್ನ ಮೊಡೆಮ್ಮೂ ನಿಪ್ಪಾಣಿಯ ಬೀಗರೂ

ಸಂಕೇಶ್ವರದ ನಮ್ಮ ಓಣಿಗೆ ಇಂಟರ್ನೆಟ್ ತಂದ ಕೀರ್ತಿ ನನ್ನದು. ಮೊಡೆಮ್ ಎಂಬ ಸಣ್ಣ ಡಬ್ಬಿಯನ್ನು ಫೋನಿನ ತಂತಿಗೆ ಸಿಕ್ಕಿಸಿ, "ಇನ್ನ ಜಗತ್ತೇ ನಮ್ಮ ಪಡಸಾಲಿಗೆ ಬರತೈತಿ" ಎಂದು ಹೆಂಡತಿ ಸುಶೀಲಾಳಿಗೆ ಘೋಷಿಸಿದೆ.

"ಬಂದವರಿಗೆ ಚಾ ಯಾರು ಮಾಡೋರು?" ಎಂದಳು.

ಅದೇ ಮಧ್ಯಾಹ್ನ ಬಾಜೂ ಮನೆಯ ಪದ್ಮಣ್ಣ ಕಾಕಾ ಬಂದು ನಮ್ಮ ಫೋನಿನ ಎದುರು ಕುಳಿತರು. ಅವರ ಮನೆಗೆ ಫೋನು ಇರಲಿಲ್ಲ. ಬಂಧುಬಳಗಕ್ಕೆಲ್ಲ ನಮ್ಮ ನಂಬರನ್ನೇ ಕೊಟ್ಟಿದ್ದರು. ಮಗಳು ತ್ರಿಶಲಾಳನ್ನು ನೋಡಿ ಹೋಗಿದ್ದ ನಿಪ್ಪಾಣಿಯವರು ಅಂದು ತಮ್ಮ ತೀರ್ಮಾನ ತಿಳಿಸುವವರಿದ್ದರು. ಕಾಕಾ ಟೋಪಿ ತೆಗೆಯುವುದು, ಹಾಕಿಕೊಳ್ಳುವುದು ನಡೆದೇ ಇತ್ತು.

"ಸುಮ್ನ ಕುಂತ್ರ ಹೊತ್ತು ಹೋಗೂದಿಲ್ಲ ಕಾಕಾ. ಕೊಲ್ಹಾಪುರದಾಗ ಬೆಲ್ಲದ ರೇಟ್ ಎಷ್ಟೈತಿ ತೋರಸ್ತೇನಿ, ಬರ್ರಿ" ಎಂದು ಮೊಡೆಮ್ ಚಾಲೂ ಮಾಡಿದೆ. ಅದು ಕಿರುಚಿತು, ಕೆಮ್ಮಿತು, ಗಂಟಲು ಕೆರೆದುಕೊಂಡಿತು.

"ಆರಾಮಿಲ್ಲೇನು ಇದಕ್ಕ?" ಎಂದರು ಕಾಕಾ.

ಕೊನೆಗೊಮ್ಮೆ ಪರದೆಯ ಮೇಲೆ ಚಿತ್ರವೊಂದು ಗೆರೆಗೆರೆಯಾಗಿ ಇಳಿಯತೊಡಗಿತು. ಅದು ಬೆಲ್ಲವೋ ಬೆಟ್ಟವೋ ತಿಳಿಯುವಷ್ಟರಲ್ಲಿ ಸುಶೀಲಾ ಅಡುಗೆಮನೆಯಲ್ಲಿದ್ದ ಅದೇ ಲೈನಿನ ಇನ್ನೊಂದು ಫೋನು ಎತ್ತಿದಳು. ಸಂಪರ್ಕ ಸತ್ತಿತು!

"ಯಾರೂ ಫೋನ್ ಮುಟ್ಟಬ್ಯಾಡ್ರಿ!" ಎಂದು ಆಜ್ಞೆ ಹೊರಡಿಸಿ ಮತ್ತೆ ಮೊದಲಿನಿಂದ ಆರಂಭಿಸಿದೆ. ಬಿಸಿಲು ಇಳಿಯಿತು. ಚಿತ್ರ ಅರ್ಧಕ್ಕೆ ಬಂದಿತ್ತು.

"ನಿಪ್ಪಾಣಿಯವರು ಯಾಕ ಇನ್ನೂ ಫೋನ್ ಮಾಡವಲ್ರು?" ಕಾಕಾ ಮತ್ತೆ ಟೋಪಿ ತೆಗೆದರು. "ಹುಡುಗಿ ಮನಸಿಗೆ ಬರಲಿಲ್ಲೇನೋ."

"ಛೆ ಛೆ! ಇದು ನಡದಾಗ ಫೋನ್ ಹೆಂಗ ಬರತೈತಿ ಕಾಕಾ? ಲೈನ್ ಪೂರಾ ಇದಕ್ಕ..." ಎಂದು ಪಾಂಡಿತ್ಯಪೂರ್ಣವಾಗಿ ವಿವರಿಸುತ್ತಿದ್ದವನು ನಡುವೆಯೇ ನಿಂತೆ. ಕಾಕಾ ನನ್ನನ್ನೇ ನೋಡುತ್ತಿದ್ದರು.

ಮೊಡೆಮ್ಮಿನ ತಂತಿ ಕಿತ್ತೆ. ಫೋನು ಬಡಿದುಕೊಂಡಿತು!

"ಮಧ್ಯಾಹ್ನದಿಂದ ಎಂಗೇಜ್ ಐತ್ರಿ!" ಗಂಡಿನ ತಂದೆ ಗುಡುಗಿದರು. "ಹೆಣ್ಣಿನ ಮನ್ಯಾಗ ಇಷ್ಟು ಮಾತಾಡೋ ಮಂದಿ ಇದ್ರ ನಾವು ವಿಚಾರ ಮಾಡಬೇಕಾಗತೈತಿ."

ಸುಶೀಲಾ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡಳು. "ಹುಡುಗಿ ಮನ್ಯಾಗ ಫೋನೇ ಇಲ್ರಿ ಅಣ್ಣಾವ್ರ, ಇದು ಬಾಜೂ ಮನಿ. ನಮ್ಮ ಮನ್ಯಾವರು ಒಂದು ಡಬ್ಬಿ ತಂದು ಲೈನ್ ಹಿಡಕೊಂಡು ಕುಂತಿದ್ರು. ಹುಡುಗಿ ಭಾಳ ಶ್ಯಾಣ್ಯಾಕಿ. ಶ್ಯಾಣ್ಯಾತನ ಕಮ್ಮಿ ಇರೋದು ನಮ್ಮ ಮನ್ಯಾಗ!"

ಕಾಕಾ ಜೋರಾಗಿ ತಲೆಯಾಡಿಸಿ ಅನುಮೋದಿಸಿದರು.

ಆ ಕಡೆಯ ನಗು ನಮಗೂ ಕೇಳಿಸಿತು. "ಹುಡುಗಿ ಪಸಂದ ಅದಾಳ್ರಿ. ಆದ್ರ ಲಗ್ನ ಮುಗಿಯೋತನಕ ಈ ನಂಬರ್ ಬ್ಯಾಡ. ಕಾರ್ಡ್ ಬರೀರಿ, ಲಗೂನ ಮುಟ್ಟತೈತಿ!"

ಮರುದಿನ ಅಂಚೆ ಕಚೇರಿಯಲ್ಲಿ ಸಾಲು ನಿಂತು ಕಾರ್ಡು ತಂದವನು ನಾನೇ. ಬರೆದವಳು ಸುಶೀಲಾ. ನನ್ನ ಕೈಗೆ ಕಾಕಾ ಪೆನ್ನು ಸಹ ಕೊಡಲಿಲ್ಲ!