ಏಳನೇ ಮನೆಗೆ ಹೋದ ಹೊಲಿಗೆ ಮೆಷಿನ್

ಬ್ಲಾಕ್‌ಚೈನ್ ಎಂಬ ಮಹಾಮಾಯೆಯನ್ನು ಮೂರೇ ದಿನದಲ್ಲಿ ಅರೆದು ಕುಡಿದು, ನಾಲ್ಕನೆಯ ದಿನ ಲೋಕಕ್ಕೆಲ್ಲ ಕುಡಿಸಿಬಿಡುತ್ತೇನೆ ಎಂದು ನಾನು ಪಣ ತೊಟ್ಟೆ!

ನನ್ನ ಉದ್ಯೋಗವೇ ಹೋಲಿಸುವುದು. ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ಒದ್ದಾಡುವವರಿಗಾಗಿ ನಮ್ಮ ಕಚೇರಿ ಒಂದು ವೆಬ್‌ಸೈಟ್ ನಡೆಸುತ್ತದೆ. ಎರಡು ಫ್ಯಾನು, ಎರಡು ಫೋನು, ಎರಡು ಹಾಸಿಗೆ, ಏನೇ ಕೊಡಿ. ಎರಡು ಅಂಕಣ ಗೀಚಿ, ನಕ್ಷತ್ರ ಹಂಚಿ, ಒಂದನ್ನು ಗೆಲ್ಲಿಸಿ ಕೈ ತೊಳೆದುಕೊಳ್ಳುತ್ತೇನೆ. ಶುಕ್ರವಾರ ಸಂಪಾದಕರು ಕರೆದರು.

"ಬ್ಲಾಕ್‌ಚೈನ್ ಡೇಟಾ ಇಂಡೆಕ್ಸಿಂಗ್ ಟೂಲು, ಕ್ರಿಪ್ಟೊ ಎಕ್ಸ್‌ಚೇಂಜು. ಎರಡರಲ್ಲಿ ಯಾವುದು ಬೆಸ್ಟು? ಮಂಗಳವಾರ ಬೇಕು."

"ಆಯ್ತು ಸರ್!"

ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಗಾಗಿ ಮಾತು ಬೇಗ ಮುಗಿಯಿತು.

ಮನೆಗೆ ಬಂದವನೇ ಅಂಕಣ ಗೀಚಿದೆ. 'ಇಲ್ಲಿ ಕಾಯಿನ್ ಕೊಳ್ಳಬಹುದೇ?' ಎಕ್ಸ್‌ಚೇಂಜ್: ಧಾರಾಳವಾಗಿ, ಐದು ನಕ್ಷತ್ರ. ಇಂಡೆಕ್ಸಿಂಗ್ ಟೂಲ್: ಇಲ್ಲ, ಸೊನ್ನೆ!

ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಒಂದು ವಾದ್ಯತಂಡದ ಹನ್ನೊಂದು ಕೋಟುಗಳನ್ನು ಅವಳು ಸೋಮವಾರ ಸಂಜೆಯೊಳಗೆ ಕೊಡಬೇಕಿತ್ತು. ಇಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಇದೇ ಮೊದಲು. ಶನಿವಾರ ರಾತ್ರಿ, ನಾನು ದಿನವಿಡೀ ಓದಿ ತಲೆ ಎತ್ತಿದಾಗ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು:

"ಬ್ಲಾಕ್‌ಚೈನ್ ಅಂದ್ರೇನ್ರೀ?"

"ಯಾರು ಯಾರಿಗೆ ಏನು ಕೊಟ್ರು ಅಂತ ಬರೆದಿಡೋ ದೊಡ್ಡ ಪುಸ್ತಕ. ಬರೆದದ್ದನ್ನ ಅಳಿಸೋ ಹಾಗಿಲ್ಲ. ಇಂಡೆಕ್ಸಿಂಗ್ ಟೂಲು ಅದನ್ನ ಓದಿ, ವಿಂಗಡಿಸಿ, ಕೇಳಿದ ತಕ್ಷಣ ಹುಡುಕಿಕೊಡುತ್ತೆ. ಎಕ್ಸ್‌ಚೇಂಜಲ್ಲಿ ಕ್ರಿಪ್ಟೊ ಅನ್ನೋ ಡಿಜಿಟಲ್ ದುಡ್ಡನ್ನ ಕೊಡೋದು, ತಗೊಳ್ಳೋದು ನಡೆಯುತ್ತೆ."

"ಅಂದ್ರೆ ಒಂದು ನನ್ನ ಅಳತೆ ಪುಸ್ತಕ, ಇನ್ನೊಂದು ಬಟ್ಟೆ ಅಂಗಡಿ. ಇದರಲ್ಲಿ ಯಾವುದು ಬೆಸ್ಟು ಅಂದ್ರೆ ಏನರ್ಥ?"

ಎರಡು ದಿನದ ತಪಸ್ಸನ್ನು ಒಂದು ಗುಂಡುಸೂಜಿ ಚುಚ್ಚಿಬಿಟ್ಟಿತು! ಪ್ರಯೋಗ ಮಾಡಿಯೇ ತೋರಿಸುತ್ತೇನೆ ಎಂದು ಎದ್ದೆ.

ಪ್ರಯೋಗಶಾಲೆ ನಮ್ಮ ಕಟ್ಟಡದಲ್ಲೇ ಇತ್ತು. ಎಂಟು ಮನೆಗಳ ಈ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಂದು ಬದಲಾವಣೆ ಮೇಜಿದೆ. ಬೇಡದ ವಸ್ತು ಇಟ್ಟು ಬೇಕಾದದ್ದನ್ನು ಒಯ್ಯಬಹುದು. ಕೊಟ್ಟದ್ದೇನು, ಪಡೆದದ್ದೇನು ಎಂದು ಅಲ್ಲಿ ಕಟ್ಟಿರುವ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಹೊಡೆದು ಹಾಕುವಂತಿಲ್ಲ. ಮೇಜಿನ ಮೇಲೆ ಹಿಡಿಸದ ದೊಡ್ಡ ವಸ್ತುವಾದರೆ ಅದರ ಹೆಸರು, ಇರುವ ಜಾಗ ಬರೆದು ಗೋಡೆಯ ಹಲಗೆಗೆ ಚುಚ್ಚಿ, ಮನೆಯ ಬಾಗಿಲು ತೆರೆದಿಟ್ಟರೆ ಸಾಕು. ಬೇಕಾದವರು ಒಳಗೆ ಹೋಗಿ, ತಮ್ಮದನ್ನಿಟ್ಟು, ಅದನ್ನೊಯ್ಯುತ್ತಾರೆ. ಬ್ಲಾಕ್‌ಚೈನೂ ಇದೆ, ಎಕ್ಸ್‌ಚೇಂಜೂ ಇದೆ. ಇಲ್ಲದ್ದು ಇಂಡೆಕ್ಸ್ ಒಂದೇ. ಅದಕ್ಕೆ ನಾನಿದ್ದೆನಲ್ಲ!

ಭಾನುವಾರ ಬೆಳಿಗ್ಗೆ ಹೆಂಡತಿ ಗುಂಡಿ ತರಲು ಪೇಟೆಗೆ ಹೋದಳು. ಇಂಡೆಕ್ಸ್ ಹೇಗಿರಬೇಕೆಂದು ಜನಕ್ಕೆ ತೋರಿಸಲು ನಮ್ಮ ಮನೆಯದೇ ಮಾದರಿ ಪುಟ ತಯಾರಿಸಿದೆ. 'ಹೊಲಿಗೆ ಮೆಷಿನ್. ನಾಲ್ಕನೇ ಮನೆ, ಹಜಾರ, ಕಿಟಕಿಯ ಎಡಗಡೆ. ಸ್ಥಿತಿ: ಉತ್ತಮ.' ಎಷ್ಟು ಚೊಕ್ಕ! ಉತ್ಸಾಹದ ಭರದಲ್ಲಿ ಬಾಗಿಲನ್ನೂ ಹಾಕದೆ ಕೆಳಗಿಳಿದು, ಪುಟವನ್ನು ಹಲಗೆಗೆ ಚುಚ್ಚಿ, ಲ್ಯಾಪ್‌ಟಾಪ್ ತೆರೆದು ಮೇಜಿನ ಬಳಿ ಕುಳಿತೆ.

ಜನ ಬಂದರು, ನನ್ನ ಪುಟವನ್ನೂ ಹಲಗೆಯ ಬೇರೆ ಚೀಟಿಗಳನ್ನೂ ಓದಿದರು, "ಭಾರಿ ಅನುಕೂಲ ಆಯ್ತು!" ಎಂದರು, ಮೆಟ್ಟಿಲು ಹತ್ತಿದರು, ಇಳಿದು ಬಂದು ನೋಟ್‌ಬುಕ್ಕಿನಲ್ಲಿ ಬರೆದರು. ಅವರು ಪೆನ್ನು ಕೆಳಗಿಡುವ ಮೊದಲೇ ನಾನು ಆ ಸಾಲನ್ನು ಟೈಪ್ ಮಾಡಿ ಮುಗಿಸುತ್ತಿದ್ದೆ. ಆ ವೇಗವೇನು, ಆ ನಿಖರತೆಯೇನು! 'ಹೊಲಿಗೆ ಮೆಷಿನ್: ನಾಲ್ಕನೇ ಮನೆಯಿಂದ ಏಳನೇ ಮನೆಗೆ' ಎಂಬ ಸಾಲನ್ನು ಟೈಪ್ ಮಾಡಿದವನೂ ನಾನೇ. ಅಕ್ಷರ ತಪ್ಪಿಲ್ಲದೆ ಮಾಡಿದೆ.

ಹನ್ನೆರಡಕ್ಕೆ ಹೆಂಡತಿಯ ದನಿ ಮೇಲಿನಿಂದ ಕೇಳಿತು. ಓಡಿದೆ. ಕಿಟಕಿಯ ಎಡಗಡೆ ಒಂದು ವ್ಯಾಯಾಮದ ಸೈಕಲ್ ನಿಂತಿತ್ತು.

"ನನ್ನ ಮೆಷಿನ್ ಎಲ್ಲಿ?"

ಕೈಯಲ್ಲೇ ಹಿಡಿದು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಎರಡೇ ಸೆಕೆಂಡು! "ಏಳನೇ ಮನೆ. ನಿವೃತ್ತ ಹೆಡ್‌ಮಿಸ್. ಹನ್ನೊಂದು ಗಂಟೆ ಹದಿನಾರು ನಿಮಿಷ."

"ತಂದ್ಕೊಡಿ."

"ಅದು ಟೂಲಿನ ಕೆಲಸ ಅಲ್ಲ ಕಣೇ. ಅದು ಎಲ್ಲಿದೆ ಅಂತ ಹೇಳುತ್ತೆ, ಅಷ್ಟೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತೋಳಿಲ್ಲದ ಹನ್ನೊಂದನೆಯ ಕೋಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. "ನಾಳೆ ಸಂಜೆ ಅವರಿಗೆ ಏನು ಹೇಳಲಿ?" ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೆದರಿಕೆಯೂ ಆಯಿತು.

ಇಬ್ಬರೂ ಏಳನೇ ಮನೆಗೆ ಹೋದೆವು. ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಪಟ್ಟಿ ಚುಚ್ಚಿದವರು ನೀವೇ ತಾನೇ? ಬಾಗಿಲು ತೆರೆದಿತ್ತು. ಕೆಲಸದ ಹುಡುಗನ ಕೈಲಿ ಸೈಕಲ್ ಇಡಿಸಿದೆ, ಬರೆಸಿದೆ. ಮುಗೀತು."

"ಮೇಡಂ, ಸೈಕಲ್ ವಾಪಸ್ ಕೊಡ್ತೀವಿ..."

"ಸೈಕಲ್ ಯಾರಿಗೆ ಬೇಕು? ಮಂಡಿ ನೋವು ಅಂತಲೇ ಕೊಟ್ಟದ್ದು. ಬೇರೆ ಏನಿದೆ ನಿಮ್ಮ ಹತ್ತಿರ?"

ಅವರ ಹಿಂದೆ ನಲವತ್ತು ವರ್ಷದ ಫೈಲುಗಳು ಸೂರು ಮುಟ್ಟುತ್ತಿದ್ದವು. ಹೆಂಡತಿ ಅವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಂಗಡಿಯಲ್ಲಿ ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುವಾಗಲೂ ಅವಳ ಮುಖ ಹಾಗೆಯೇ ಇರುತ್ತದೆ.

"ಪಟ್ಟಿ ಮಾಡೋ ಗಂಡ ಒಬ್ಬರಿದ್ದಾರೆ. ಒಂದು ವಾರ, ದಿನಾ ಸಂಜೆ ಕಳಿಸ್ತೀನಿ. ಆಗಬಹುದಾ?"

"ಇದು ಅನ್ಯಾಯ! ನನ್ನನ್ನು ಒಂದು ಮಾತು ಕೇಳಿದೆಯಾ?" ಎಂದೆ.

"ಮೆಷಿನ್ ಕೊಡುವಾಗ ನೀವು ನನ್ನನ್ನ ಕೇಳಿದ್ರಾ?" ಎಂದಳು.

ವ್ಯವಹಾರ ಕುದುರಿತು. ಮೆಷಿನ್ ಹೊತ್ತು ಇಳಿಸಿದವನೂ ನಾನೇ. ಸೋಮವಾರ ಸಂಜೆ ಹನ್ನೊಂದೂ ಕೋಟುಗಳು, ಗುಂಡಿ ಸಮೇತ, ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಟವು. ಅವಳು ಬಾಗಿಲಲ್ಲಿ ನಿಂತು ನಕ್ಕಾಗ ನನಗೆ ಹೋದ ಜೀವ ಬಂದಂತಾಯಿತು.

ಮಂಗಳವಾರ ಸಂಪಾದಕರಿಗೆ ಒಂದೇ ಸಾಲಿನ ವರದಿ ಕೊಟ್ಟೆ: 'ಒಂದು, ವಸ್ತು ಯಾರ ಬಳಿ ಇದೆ ಎಂದು ಹೇಳುತ್ತದೆ, ಇನ್ನೊಂದು, ವಸ್ತುವನ್ನು ಕೈಯಿಂದ ಕೈಗೆ ದಾಟಿಸುತ್ತದೆ, ಹೋಲಿಸಲು ಹೊರಟವನು ಮೂರ್ಖ.' ಅವರು ಗಂಭೀರವಾಗಿ ಓದಿ, "ಚೆನ್ನಾಗಿದೆ. ನಕ್ಷತ್ರ ಯಾವುದಕ್ಕೆ ಜಾಸ್ತಿ?" ಎಂದರು.

ಇತ್ತ ಹೆಡ್‌ಮಿಸ್ ಮನೆಯಲ್ಲಿ ನಾನು ಫೈಲು ಜೋಡಿಸುತ್ತ, ಅವರ ಜ್ಞಾನಾಭಿವೃದ್ಧಿಗಾಗಿ ಬ್ಲಾಕ್‌ಚೈನನ್ನು ಮೊದಲಿನಿಂದ ವಿವರಿಸುತ್ತಿದ್ದೆ. ವಾರ ತುಂಬಲು ಇನ್ನೂ ನಾಲ್ಕು ದಿನವಿತ್ತು. ಬುಧವಾರ ಸಂಜೆ ಅವರು ಮಂಡಿ ನೋವನ್ನೂ ಲೆಕ್ಕಿಸದೆ, ನನ್ನ ತೋಳು ಹಿಡಿದುಕೊಂಡು ನಮ್ಮ ಮನೆಗೆ ಇಳಿದು ಬಂದರು.

"ತಗೊಳ್ಳಮ್ಮಾ, ನಿನ್ನ ಯಜಮಾನರು."

"ಹಾಗಾದ್ರೆ ಮೆಷಿನ್ ವಾಪಸ್ ಕೊಡಬೇಕಾ, ಮೇಡಂ?" ಹೆಂಡತಿಯ ಮುಖ ಬಾಡಿತು.

"ಬೇಡವೇ ಬೇಡ. ಇವರನ್ನ ಇಟ್ಕೋ, ಸಾಕು!"

ಅಷ್ಟಕ್ಕೇ ಬಿಡಲಿಲ್ಲ. ಕಟ್ಟಡದ ನಿಯಮ ನಿಯಮವೇ ಎಂದು ನಮ್ಮಿಬ್ಬರನ್ನೂ ಕೆಳಗೆ ಕರೆದೊಯ್ದು, ನೋಟ್‌ಬುಕ್ ಬಿಡಿಸಿ, ನಲವತ್ತು ವರ್ಷ ಕಪ್ಪುಹಲಗೆಯ ಮೇಲೆ ಪಳಗಿದ ದುಂಡು ಅಕ್ಷರದಲ್ಲಿ ಬರೆದರು: 'ಕೊಟ್ಟದ್ದು: ಒಬ್ಬ ಗಂಡ. ಪಡೆದದ್ದು: ನೆಮ್ಮದಿ.'

ನನ್ನ ಹೆಂಡತಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನಿಗೆ ಕೈ ಚಾಚಿ, ಬಹಳ ಆಸೆಯಿಂದ ಕೇಳಿದಳು:

"ಮೇಡಂ, ಇದೇ ದರಕ್ಕೆ ನನಗೂ ಸಿಗುತ್ತಾ?"