ಮೀನಿನ ಗದ್ದದ ಮೂಳೆ

ಮೀನಿನ ತಲೆ ಜೋಡಿಸಿ ಮುಗಿಸಿದಾಗ ಮೇಜಿನ ಮೇಲೆ ಒಂದು ಮೂಳೆ ಉಳಿದಿತ್ತು. ಅಂಗೈಯಗಲದ ಕಂದು ಮೂಳೆ. ಮೂಳೆ ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ವಸ್ತುಸಂಗ್ರಹಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಮಗಳಿಗೆ ಹೆರಿಗೆಯಾಗಿ ಹತ್ತು ದಿನವಾಗಿತ್ತು. ಸಂಜೆ ಆರರ ರೈಲಿಗೆ ಹೋಗಿ ಕೂಸಿನ ಮುಖ ನೋಡಬೇಕೆಂದು ಚೀಲ ಹಿಡಿದೇ ಕೆಲಸಕ್ಕೆ ಬಂದಿದ್ದ. ಮೊದಲು ಮೀನು ನಿಲ್ಲಲಿ, ಆಮೇಲೆ ರಜೆ ಎಂದಿದ್ದರು ಸಾಹೇಬರು.

ಮೀನಾದರೂ ಸಾಮಾನ್ಯದ್ದೇ? ಈಗಿನ ಸ್ಟರ್ಜನ್ ಮೀನುಗಳಿಗೆ ದಾಯಾದಿ, ಎರಡಾಳುದ್ದ, ಕೋಟ್ಯಂತರ ವರ್ಷಗಳ ಹಿಂದೆಯೇ ನಿರ್ವಂಶವಾದದ್ದು. ಬಾಯಲ್ಲಿ ಒಂದೂ ಹಲ್ಲಿಲ್ಲ. ಮೈಯೆಲ್ಲ ಮೆತ್ತನೆಯ ಎಲುಬಾದ್ದರಿಂದ ಎಂದೋ ಕೊಳೆತುಹೋಗಿ, ತಲೆಯ ಮೂಳೆಗಳಷ್ಟೇ ಉಳಿದಿದ್ದವು. ಮೈಯನ್ನು ಮೇಸ್ತ್ರಿಯೇ ತಂತಿ, ಗಾರೆಗಳಲ್ಲಿ ಮಾಡಿದ್ದ. ಯಾವ ಮೂಳೆ ಎಲ್ಲಿಗೆಂಬ ನಕ್ಷೆ ಸಾಹೇಬರ ಬೀರುವಿನಲ್ಲಿತ್ತು. ಕೇಳಿದರೆ ಮೂಳೆ ಉಳಿದ ಸುದ್ದಿಯೂ ಅವರಿಗೆ ತಿಳಿದು ರಜೆ ತಪ್ಪುತ್ತಿತ್ತು.

ಬಿಚ್ಚಿ ಮತ್ತೆ ಜೋಡಿಸಿದ. ಮತ್ತೆ ಒಂದು ಉಳಿಯಿತು. ಅಷ್ಟರಲ್ಲಿ ಟಿಕೆಟ್ ಕೊಡುವವನು ಬಂದು ಅದು ಕೆನ್ನೆಯದು ಎಂದ. ಗುಮಾಸ್ತ ಬಂದು ಕಿವಿರಿನದು ಎಂದ. ಹುಬ್ಬಿನದೂ ಇರಬಹುದೆಂಬ ಮಾತೆದ್ದು, ಮೀನಿಗೆ ಹುಬ್ಬಿರುತ್ತದೆಯೇ ಎಂದು ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಒಬ್ಬೊಬ್ಬರ ಮಾತಿಗೂ ಒಂದೊಂದು ಸಲ ಬಿಚ್ಚಿ ಜೋಡಿಸಿ ಮೇಸ್ತ್ರಿಯ ತಲೆ ಕೆಟ್ಟು ಮೊಸರಾಯಿತು. ಕೊನೆಗೆ ಕಾವಲಿನವನು ಗಂಭೀರವಾಗಿ ಹೇಳಿದ:

"ನಮ್ಮನೇಲಿ ವಾರಕ್ಕೆ ಮೂರು ದಿನ ಮೀನು. ನಾನು ಹೇಳ್ತೀನಿ ಕೇಳಣ್ಣ, ಇದು ಗದ್ದದ್ದೇ."

ಗಂಟೆ ಐದಾಗಿತ್ತು. ಮೇಸ್ತ್ರಿ ಮೂಳೆಯ ಅಂಚು ಉಜ್ಜಿದ, ಎರಡು ತೂತು ಕೊರೆದ, ಗದ್ದಕ್ಕೆ ಸ್ಕ್ರೂ ಹೊಡೆದ. ಸಾಹೇಬರು ಬಂದು ಮೀನಿನ ಸುತ್ತ ಎರಡು ಸುತ್ತು ಹಾಕಿದರು. ಗದ್ದ ಬಹಳ ಚೆನ್ನಾಗಿ ಬಂದಿದೆ ಎಂದು ಮೆಚ್ಚಿ ರಜೆಚೀಟಿಗೆ ಸಹಿ ಹಾಕಿದರು. ಅದು ತನ್ನ ಸಲಹೆ ಎಂದು ಮೂವರೂ ಒಟ್ಟಿಗೇ ಮುಂದೆ ಬಂದರು. ಮೇಸ್ತ್ರಿಗೆ ಅದೆಲ್ಲ ಬೇಕಿರಲಿಲ್ಲ. ಸದ್ಯ, ಬದುಕಿದೆ ನಾನು ಎಂದುಕೊಂಡು ಚೀಲ ಹೆಗಲಿಗೇರಿಸಿದ.

ಬಾಗಿಲಲ್ಲಿ, ಪಕ್ಕದ ಕೋಣೆಯಲ್ಲಿ ಸಂಶೋಧನೆ ಮಾಡುವ ಮೇಡಂ ಎದುರಾದರು.

"ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಒಂದು ಹಳೇ ಮೊಸಳೆ ಮೂಳೆ ಇಟ್ಟು ಹೋಗಿದ್ದೆ ಮೇಸ್ತ್ರಿ. ಅಂಥದ್ದು ಇಡೀ ಪ್ರಪಂಚದಲ್ಲಿ ಅದೊಂದೇ ಸಿಕ್ಕಿರೋದು. ನಿಮ್ಮ ಹತ್ರ ಆದ್ರೆ ಕಳೆದುಹೋಗಲ್ಲ ಅಂತ."

"ಕಳೆದುಹೋಗಿಲ್ಲ, ಮೇಡಂ," ಎಂದ ಮೇಸ್ತ್ರಿ.

ಎಲ್ಲರೂ ಮೀನಿನ ಗದ್ದ ನೋಡಿದರು. ತಾವು ಬೇಡ ಬೇಡವೆಂದರೂ ಇವನು ಕೇಳಲಿಲ್ಲ ಎಂದು ಮೂವರೂ ಹೇಳಿದರು. ಸಾಹೇಬರು ರಜೆಚೀಟಿಗಾಗಿ ಕೈ ಚಾಚಿದರು.